ಎಂಟನೇ ಹಸುವಿನ ತೇಗು

ಆ ಡೇರಿಯ ಕೊಟ್ಟಿಗೆಯಲ್ಲಿ ಹನ್ನೆರಡು ಹಸುಗಳು, ಹನ್ನೆರಡು ಗೋದಲಿಗಳು. ಮೇವು ಹಾಕಿದ ಒಂದು ಗಂಟೆಗೆಲ್ಲ ಹನ್ನೆರಡೂ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದ್ದವು. ಅದಕ್ಕೇ ಮೇವು ಹಾಕುವವರಿಗೆ ಚೊಕ್ಕಣ್ಣ ಎಂಬ ಹೆಸರು ಬಿದ್ದದ್ದು. ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಒಂದೇ ಒಂದು ದೂರಿಲ್ಲ. ನಿವೃತ್ತಿಗೆ ಏಳೆಂಟು ತಿಂಗಳಿತ್ತು, ಅಷ್ಟು ದಿನ ಆ ಹೆಸರನ್ನು ಕಾಪಾಡಿಕೊಂಡರೆ ಸಾಕು ಎಂದು ಅವರು ದಿನ ಎಣಿಸುತ್ತಿದ್ದರು.

ಗೋದಲಿ ಚೊಕ್ಕವಾಗಿರುವುದಕ್ಕೆ ಒಂದು ಗುಟ್ಟಿತ್ತು. ಏಳನೇ ಹಸು ಮಹಾ ನಾಜೂಕಿನದು, ಮೇವನ್ನು ಮೂಸಿ ನೋಡಿ ಅರ್ಧ ಬಿಡುತ್ತಿತ್ತು. ಪಕ್ಕದ ಎಂಟನೆಯದು ಹೊಟ್ಟೆಬಾಕ. ಏಳು ಬಿಟ್ಟದ್ದನ್ನು ಚೊಕ್ಕಣ್ಣ ಎರಡೂ ಕೈಯಲ್ಲಿ ಬಾಚಿ ಎಂಟಕ್ಕೆ ಹಾಕುತ್ತಿದ್ದರು. ಮೂರು ಬಿಟ್ಟದ್ದು ನಾಲ್ಕಕ್ಕೆ, ಹನ್ನೊಂದು ಬಿಟ್ಟದ್ದು ಹನ್ನೆರಡಕ್ಕೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಮಿಕ್ಕ ಮೇವು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ, ಅಷ್ಟೇ.

ಹೀಗಿರುವಾಗ ಪಶುವೈದ್ಯೆಯೊಬ್ಬಳು ಒಂದು ಪೆಟ್ಟಿಗೆ ಪುಡಿ ಮತ್ತು ಒಂದು ಯಂತ್ರದೊಂದಿಗೆ ಬಂದಳು. ಚೊಕ್ಕಣ್ಣನ ಮಗಳ ವಯಸ್ಸಿನ ಹುಡುಗಿ, ಎಲ್ಲರ ಬಾಯಲ್ಲೂ ಡಾಕ್ಟರಮ್ಮ. ಹಸುವಿನ ಹೊಟ್ಟೆಯಲ್ಲಿ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಅದು ಗಾಳಿಗೆ ಸೇರಿ ಭೂಮಿಯನ್ನು ಕಾಯಿಸುತ್ತದೆ, ಪುಡಿ ಹಾಕಿದರೆ ಕಡಿಮೆಯಾಗುತ್ತದೋ ನೋಡಬೇಕು ಎಂದಳು. ಅನಿಲ ಎಂದ ಕೂಡಲೇ ಹಾಲು ಕರೆಯುವವರೆಲ್ಲ ಹಸುಗಳ ಬಾಲದ ಕಡೆ ನೋಡಿ ಮುಸಿಮುಸಿ ನಕ್ಕರು.

"ಆ ಕಡೆ ಅಲ್ಲ, ಈ ಕಡೆ. ಬರೋದೆಲ್ಲ ತೇಗಿನಲ್ಲೇ," ಎಂದು ಅವಳು ಹಸುವಿನ ಬಾಯಿ ತೋರಿಸಿದಳು.

ಚೊಕ್ಕಣ್ಣ ಸಂಜೆ ಹೆಂಡತಿಗೆ ಇದನ್ನು ಹೇಳಿದಾಗ ಆಕೆ, "ಮೂವತ್ತು ವರ್ಷದಿಂದ ನಿಮ್ಮ ತೇಗು ಕೇಳ್ತಿದೀನಿ ಕಣ್ರೀ. ಆ ಯಂತ್ರ ಮನೆಗೂ ಒಂದ್ಸಲ ಬಂದು ಹೋಗ್ಲಿ," ಎಂದಳು.

ಬೆಸ ಸಂಖ್ಯೆಯ ಹಸುಗಳಿಗೆ ಮೇವಿನ ಜೊತೆ ಪುಡಿ, ಸಮ ಸಂಖ್ಯೆಯವಕ್ಕೆ ಬರೀ ಮೇವು. ಹಸು ಯಂತ್ರದೊಳಗೆ ತಲೆ ತೂರಿಸಿದರೆ ಒಂದು ಹಿಡಿ ಹಿಂಡಿ ಬೀಳುತ್ತಿತ್ತು. ಅದನ್ನು ತಿನ್ನುವಷ್ಟು ಹೊತ್ತು ಒಂದು ಕೊಳವೆ ಅದರ ಉಸಿರನ್ನು ಎಳೆದು ಅಳೆಯುತ್ತಿತ್ತು. ಮೊದಲ ದಿನವೇ ಡಾಕ್ಟರಮ್ಮ, "ಮಿಕ್ಕಿದ ಮೇವು ಹಾಗೇ ಇರ್ಲಿ, ಬೆಳಿಗ್ಗೆ ನಾನು ತೂಗ್ತೀನಿ," ಎಂದಿದ್ದಳು. ಚೊಕ್ಕಣ್ಣ ತಲೆಯಾಡಿಸಿದ್ದರು. ನಮ್ಮ ಕೊಟ್ಟಿಗೆಯಲ್ಲಿ ಮಿಕ್ಕರೆ ತಾನೇ ತೂಗುವ ಮಾತು, ಪಾಪ, ಹುಡುಗಿಗೆ ಒಂದು ಕೆಲಸ ತಪ್ಪಿತು ಎಂದುಕೊಂಡಿದ್ದರು. ದಿನಾ ಬೆಳಿಗ್ಗೆ ಅವಳು ಖಾಲಿ ಗೋದಲಿ ನೋಡಿ ಸೊನ್ನೆ ಬರೆದುಕೊಳ್ಳುವಾಗ ಅವರಿಗೆ ಒಳಗೊಳಗೇ ಹೆಮ್ಮೆ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಡಾಕ್ಟರಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಏನಾಯ್ತಮ್ಮ?"

"ಪುಡಿ ಕೆಲಸ ಮಾಡ್ತಿಲ್ಲ ಚೊಕ್ಕಣ್ಣ. ತಿಂದ ಹಸುಗೂ ತಿನ್ನದೇ ಇರೋ ಹಸುಗೂ ಅಂಥಾ ವ್ಯತ್ಯಾಸಾನೇ ಇಲ್ಲ. ಆ ಎಂಟನೇದಕ್ಕೆ ಚಿಟಿಕೆ ಪುಡಿ ಹಾಕಿಲ್ಲ, ಅದರ ಅನಿಲಾನೂ ಇಳಿದಿದೆ! ಶನಿವಾರ ವರದಿ ಕೊಟ್ಟು ಎಲ್ಲಾ ಕಟ್ಕೊಂಡು ಹೋಗ್ತೀನಿ. ಈ ಪುಡಿ ಮೇಲಿನ ಎರಡು ವರ್ಷದ ಕೆಲಸ ನೀರಲ್ಲಿ ಹೋಮ ಆಯ್ತು."

ಎಂಟು ಎಂದ ತಕ್ಷಣ ಚೊಕ್ಕಣ್ಣನಿಗೆ ಹೊಳೆಯಿತು. ಏಳು ಬಿಟ್ಟ ಮೇವಿನಲ್ಲಿ ಪುಡಿ ಇತ್ತಲ್ಲ! ತಿಂದದ್ದು ಎಂಟು. ಹಾಕಿದ್ದು ತಮ್ಮದೇ ಕೈ. ಅವರು ಏನೋ ಗೊಣಗಿ ಬಕೆಟ್ ಎತ್ತಿಕೊಂಡು ಅಲ್ಲಿಂದ ಜಾಗ ಖಾಲಿ ಮಾಡಿದರು.

ಮನೆಯಲ್ಲಿ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದರು. ಹೆಂಡತಿ ಒಂದೇ ಮಾತು ಕೇಳಿದ್ದಕ್ಕೆ ಎಲ್ಲವನ್ನೂ ಬಾಯಿಬಿಟ್ಟರು.

"ಹೇಳ್ಬಿಡಿ," ಎಂದಳು ಆಕೆ.

"ಹೇಳಿದ್ರೆ ಇಪ್ಪತ್ತಾರು ವರ್ಷದ ಹೆಸರು ಮಣ್ಣುಪಾಲು ಕಣೇ. ಇನ್ನು ಮೂರೇ ತಿಂಗಳಲ್ಲಿ ಗೌರವವಾಗಿ ಹೊರಗೆ ಬರ್ತಿದ್ದೆ."

"ಹೇಳ್ದೇ ಇದ್ರೆ ಆ ಹುಡುಗಿ ಗತಿ? ಮಾಡಿದ್ದು ನೀವು, ತಲೆ ತಗ್ಗಿಸ್ಕೊಂಡು ಹೋಗೋದು ಅವಳಾ?"

ಆಕೆಯ ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಅವರಿಗೆ ಹೆಚ್ಚು ನಾಟಿತು. ಮನುಷ್ಯ ಒಳ್ಳೆಯವನೇ, ಆದರೆ ಹೆದರಿಕೆ ಬಂದಾಗ ಒಳ್ಳೆಯವರಿಗೂ ಸುಮ್ಮನಿರುವ ಬುದ್ಧಿ ಬರುತ್ತದೆ. ಶುಕ್ರವಾರ ಬೆಳಿಗ್ಗೆ ಚೊಕ್ಕಣ್ಣ ಮೂರು ಸಲ ಡಾಕ್ಟರಮ್ಮನ ಕೋಣೆಯ ಬಾಗಿಲವರೆಗೆ ಹೋಗಿ, ಮೂರು ಸಲವೂ ಪೊರಕೆ ಹುಡುಕುವ ನೆಪ ಮಾಡಿ ಹಿಂದಿರುಗಿದರು. ನಾಲ್ಕನೇ ಸಲ ಅವಳೇ ಎದುರು ಬಂದಳು. ಅವರು ಅವಳ ಮುಖ ನೋಡದೆ, ಚಪ್ಪಲಿ ನೋಡಿಕೊಂಡು, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಬೈಗುಳಕ್ಕೆ ಚೊಕ್ಕಣ್ಣ ಸಿದ್ಧರಾಗಿ ನಿಂತರು.

"ದಿನಾ ಹಾಕ್ತಿದ್ರಾ?"

"ದಿನಾ."

"ಎಂಟಕ್ಕೂ, ನಾಲ್ಕಕ್ಕೂ, ಹನ್ನೆರಡಕ್ಕೂ?"

"ಹೂಂನಮ್ಮ."

"ಅಯ್ಯೋ ದೇವರೇ!" ಎಂದು ಅವಳು ಮಗುಚಿಟ್ಟ ಬಕೆಟಿನ ಮೇಲೆ ಕುಸಿದು ಕೂತಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. "ಹಾಗಾದ್ರೆ ಪುಡಿ ಕೆಲಸ ಮಾಡ್ತಿರಬಹುದು ಚೊಕ್ಕಣ್ಣ! ತಿನ್ನಬಾರದವೂ ತಿಂದಿವೆ, ಅದಕ್ಕೇ ಅವೂ ಇಳಿದಿವೆ!" ಆಮೇಲೆ ಕಣ್ಣೊರೆಸಿಕೊಂಡು ಬೈದಳು ಕೂಡ, ಚೆನ್ನಾಗಿಯೇ ಬೈದಳು. ಅಷ್ಟಾದ ಮೇಲೆ ಅವರಿಗೂ ಸಮಾಧಾನವಾಯಿತು.

ವರದಿಯನ್ನು ಒಂದು ತಿಂಗಳು ಮುಂದೂಡಿದರು. ಗೋದಲಿಗಳ ನಡುವೆ ಹಲಗೆ ಬಂತು. ಮಿಕ್ಕಿದ್ದನ್ನು ಯಾರೂ ಮುಟ್ಟಲಿಲ್ಲ. ಎಂಟನೆಯದು ಪಕ್ಕದ ಗೋದಲಿಯತ್ತ ಕತ್ತು ಚಾಚಿ ಕೂಗಿಕೊಂಡಿತು, ಚೊಕ್ಕಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

ತಿಂಗಳ ಕೊನೆಯಲ್ಲಿ ಡಾಕ್ಟರಮ್ಮ ಯಂತ್ರದ ಹಾಳೆ ಹಿಡಿದು ಓಡಿ ಬಂದಳು. ಪುಡಿ ತಿಂದವುಗಳ ಅನಿಲ ತಗ್ಗಿಯೇ ಇತ್ತು. ಎಂಟನೆಯದು ಹಳೆಯ ಮಟ್ಟಕ್ಕೆ ಏರಿತ್ತು, ನಾಲ್ಕೂ ಹನ್ನೆರಡೂ ಹಾಗೇ. ಹಸು ಜಾಸ್ತಿ ತೇಗಿದ್ದಕ್ಕೆ ಇವರಿಬ್ಬರು ಯಾಕೆ ಹೀಗೆ ಕುಣಿಯುತ್ತಾರೆಂದು ಹಾಲು ಕರೆಯುವವರಿಗೆ ಅರ್ಥವಾಗಲಿಲ್ಲ. ಚೊಕ್ಕಣ್ಣನಿಗಂತೂ ಹೋದ ಜೀವ ಬಂದಂತಾಗಿತ್ತು.

ಕುಣಿತ ಮುಗಿದ ಮೇಲೆ ಅವಳು ತಡವರಿಸಿದಳು. "ಮೊದಲ ನಾಲ್ಕು ತಿಂಗಳು ಯಾಕೆ ಹಾಗಾಯ್ತು ಅಂತ ವರದಿಯಲ್ಲಿ ಬರೀಲೇಬೇಕು. ಯಾರೋ ಕೆಲಸದವರು ಅಂತಷ್ಟೇ ಬರೀತೀನಿ. ನಿಮ್ಮ ಹೆಸರು ಬೇಡ."

ಚೊಕ್ಕಣ್ಣ ಬೇಡವೆಂದು ಕೈಯಾಡಿಸಿದರು.

"ಹಾಗೆ ಬರೆದ್ರೆ ಎಲ್ಲರ ಮೇಲೂ ಅನುಮಾನ ಬರುತ್ತಮ್ಮ. ನನ್ನ ಹೆಸರೇ ಬರೀರಿ," ಎಂದರು. ಆಮೇಲೆ ಹಾಜರಿ ಪುಸ್ತಕ ತರಿಸಿ, ಅದರಲ್ಲಿದ್ದ ಹೆಸರನ್ನು ಅಕ್ಷರ ತಪ್ಪದ ಹಾಗೆ ಅವಳ ಕೈಯಲ್ಲಿ ಬರೆಸಿದರು.