ಅವಳು ಕಿವಿಯಲ್ಲಿ ಹೇಳುತ್ತಿದ್ದ ಡೈಲಾಗುಗಳು

ಹೊರಮಾವಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರಿಗೇ ಬೇಕರಿ. ಮೊನ್ನೆ ಸಂಜೆ ಬ್ರೆಡ್ಡು ತರಲು ಹೋದವಳು ಬಿಸಿ ದಿಲ್‌ಪಸಂದಿನ ವಾಸನೆಗೆ ಸುಮ್ಮನೆ ನಿಂತುಬಿಟ್ಟೆ. ಸಕ್ಕರೆ, ಕಾಯಿತುರಿ, ಟೂಟಿಫ್ರೂಟಿ... ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಗೆಳತಿ ಅದನ್ನು ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಥಿಯೇಟರಿನೊಳಕ್ಕೆ ತರುತ್ತಿದ್ದಳು.

ಅವಳ ಮನೆ ಫ್ರೇಜರ್ ಟೌನ್, ನಮ್ಮದು ಮರ್ಫಿ ಟೌನ್. ಇಬ್ಬರಿಗೂ ಒಂದೇ ಹುಚ್ಚು, ಸ್ಕೂಲು ಮಕ್ಕಳ ಇಂಗ್ಲಿಷ್ ಕಾಮಿಡಿ ಸಿನಿಮಾ. ಕ್ಲಾಸ್ ಬಂಕ್ ಮಾಡುವುದು, ಮೇಷ್ಟರಿಗೆ ಟೋಪಿ ಹಾಕುವುದು, ಜಗಳವಾಡಿ ಕೊನೆಗೆ ತಬ್ಬಿಕೊಳ್ಳುವುದು. ಆ ಇಂಗ್ಲಿಷು ನಮಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಅವಳೇ ನನ್ನ ಕಿವಿಗೆ ಬಾಯಿಟ್ಟು ಡೈಲಾಗ್ ಕಟ್ಟುತ್ತಿದ್ದಳು. ಪರದೆಯ ಮೇಲೆ ಕೋಟು ತೊಟ್ಟ ಪ್ರಿನ್ಸಿಪಾಲ್ ಬಾಯಿ ತೆರೆದರೆ ಸಾಕು, "ಏನ್ರೋ, ನನ್ ಸೈಕಲ್ ಗಾಳಿ ಯಾರ್ರೋ ತೆಗ್ದಿದ್ದು?" ಥೇಟ್ ನಮ್ಮ ಪಿ.ಟಿ. ಮೇಷ್ಟರ ದನಿ. ನಾನು ಕರ್ಚೀಫನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಒಂಬತ್ತನೇ ಕ್ಲಾಸಿಗೆ ಇಂದಿರಾನಗರದಿಂದ ಒಬ್ಬ ಹೊಸ ಹುಡುಗಿ ಬಂದಳು. ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸಲೀಸು. ನಮ್ಮ ಬೆಂಚಿನಲ್ಲೇ ಕೂತಳು, ನಮ್ಮ ಜೊತೆ ಸಿನಿಮಾಕ್ಕೂ ಬಂದಳು. ಪಾತ್ರಗಳು ನಿಜವಾಗಿ ಏನು ಹೇಳಿದವೆಂದು ಅವಳು ವಿವರಿಸಿದರೆ ಗೆಳತಿ ಕಣ್ಣರಳಿಸಿ ಕೇಳುತ್ತಿದ್ದಳು. ನಿಜವಾದದ್ದು ಯಾರಿಗೆ ಬೇಕಿತ್ತು? ದಿಲ್‌ಪಸಂದ್ ಮೂರು ಪಾಲಾಯಿತು. ಹೊಸಬಳ ತುಂಡೇ ದೊಡ್ಡದು ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು...

ಒಂದು ಶನಿವಾರ ಮಧ್ಯಾಹ್ನ ಗೆಳತಿಯ ಮನೆಗೆ ಹೋದೆ.

"ಇಬ್ರೂ ಪಿಕ್ಚರ್‌ಗೆ ಹೋದ್ರಲ್ಲ ಬೇಟಾ, ನಿನಗೆ ಹೇಳ್ಲಿಲ್ವಾ?" ಅಂದರು ಅವಳ ಅಮ್ಮಿ.

ನಾನೂ ಅವಳೂ ವಾರದಿಂದ ಕಾದಿದ್ದ ಸಿನಿಮಾ. ಬಸ್ಸು ಹತ್ತಿ ಹೋದೆ, ಕತ್ತಲಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಮುಂದೆ ಅವಳ ಜಡೆ, ಪಕ್ಕದಲ್ಲಿ ಹೊಸ ಹುಡುಗಿಯ ಬಾಬ್‌ಕಟ್. ಗೆಳತಿ ಬಾಗಿ ಬಾಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಥಿಯೇಟರೆಲ್ಲ ಸುಮ್ಮನಿದ್ದಾಗ ಅವರಿಬ್ಬರೇ ನಗುತ್ತಿದ್ದರು. ಏನು ಹೇಳಿದಳೋ, ನನಗೆ ಒಂದೂ ಕೇಳಿಸಲಿಲ್ಲ. ಪರದೆಯ ಮೇಲೆ ಏನಾಯಿತೋ, ಅದೂ ಗೊತ್ತಿಲ್ಲ.

ಇಂಟರ್ವಲ್ಲಿಗೆ ಲೈಟು ಹತ್ತಿತು. ಅವಳು ಹಿಂತಿರುಗಿ ನೋಡಿದವಳೇ ಕೂಗಿದಳು: "ಎಲ್ಲಿ ಹಾಳಾಗೋಗಿದ್ದೆ? ನಿಮ್ಮನೆ ಹತ್ರ ಬಂದ್ವಿ, ಬೀಗ. ಹೇಗಿದ್ರೂ ಬರ್ತೀಯ ಅಂತ ಟಿಕೆಟ್ ತಗೊಂಡಿದೀನಿ. ಬಾರೇ ಮುಂದಕ್ಕೆ!"

ತನ್ನ ಇನ್ನೊಂದು ಪಕ್ಕದ ಸೀಟಿನಿಂದ ಬ್ಯಾಗೆತ್ತಿಕೊಂಡಳು. ಹೋಗಿ ಕೂತೆ. ಖುಷಿಯಾಗಬೇಕಿತ್ತು. ಆದರೆ ನನ್ನ ಕಿವಿಗೆ ಹೇಳಿದ್ದನ್ನೇ ಅವಳು ಆ ಕಡೆ ತಿರುಗಿ ಮತ್ತೊಮ್ಮೆ ಹೇಳುತ್ತಿದ್ದಳು. ಎರಡನೇ ಸಲ ಇನ್ನೂ ಚೆನ್ನಾಗಿ ಹೇಳುತ್ತಿದ್ದಳು.

ಎಸ್ಸೆಸ್ಸೆಲ್ಸಿ ಆದಮೇಲೆ ಅವಳ ಮನೆಯವರು ಹೈದರಾಬಾದಿಗೆ ಹೋದರು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ...

ಹೋದ ತಿಂಗಳು ಮೆಟ್ರೋದಲ್ಲಿ ಆ ಹೊಸ ಹುಡುಗಿ ಸಿಕ್ಕಳು. ಅವಳ ತಲೆಯೂ ನರೆತಿದೆ. ಗೆಳತಿಯ ವಿಚಾರ ಕೇಳಿದೆ.

"ಅವಳು ಹೋಗ್ಬಿಟ್ಳು ಕಣೇ. ನಿನಗೆ ಗೊತ್ತಾಗ್ಲಿಲ್ವಾ? ಕೊನೇಲಿ ಹೈದರಾಬಾದಿಗೆ ಹೋಗಿ ಆಸ್ಪತ್ರೇಲಿ ನಾನೇ ಜೊತೇಲಿದ್ದೆ."

ನನಗೆ ಅಳು ಬಂತು. ಅಳುವಿಗೂ ಮೊದಲು ಬಂದದ್ದು ಹೊಟ್ಟೆಕಿಚ್ಚು. ಅವಳು ಕೊನೆಗೆ ಹಿಡಿದುಕೊಂಡದ್ದು ಇವಳ ಕೈ.

"ನನ್ನ ಕೇಳಿದ್ಲಾ?" ಅಂದೆ.

"ಕೇಳ್ದೇ ಇರ್ತಾಳಾ?" ಅನ್ನುತ್ತಾ ಹಲಸೂರಿನಲ್ಲಿ ಇಳಿದು ಹೋದಳು.

ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ... ಕೇಳೋಣವೆಂದರೆ ಗೆಳತಿಯೇ ಇಲ್ಲ.