ಪಲ್ಯ ನೋಡ್ಕೋರಿ
ಕೆ.ಆರ್. ಪುರದಲ್ಲಿ ನನ್ನ ಬಾಡಿಗೆ ಕೋಣೆ ಇದ್ದದ್ದು ಮೂರು ಮಹಡಿ ಹತ್ತಿದ ಮೇಲೆ, ಟೆರೇಸಿನಲ್ಲಿ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ರಾಯಚೂರು ಕಡೆಯಿಂದ ಬಂದು ಹಲಸೂರಿನ ಸಣ್ಣ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಾನು ಬಾಯಿ ಬಿಟ್ಟರೆ ಸಾಕು, ಮಕ್ಕಳಿಗೆ ನಗು. ಹಾಗಾಗಿ ಪಾಠ ಬಿಟ್ಟು ಬೇರೆ ಮಾತೇ ಕಡಿಮೆ ಮಾಡಿದ್ದೆ. ಭಾನುವಾರ ಬಂತೆಂದರೆ ಇಡೀ ದಿನ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಅಂಥದೊಂದು ಭಾನುವಾರ ಅವ್ವ ಕಟ್ಟಿಕೊಟ್ಟಿದ್ದ ಪುಂಡಿ ಬೀಜ ತೆಗೆದು ಖಾಲಿ ಎಣ್ಣೆ ಡಬ್ಬಿಯಲ್ಲಿ ಬಿತ್ತಿದೆ. ಪುಂಡಿ ನಮ್ಮ ಕಡೆಯ ಹುಳಿ ಸೊಪ್ಪು. ಅದಿಲ್ಲದೆ ರೊಟ್ಟಿ ತಿಂದರೆ ನನಗೆ ಉಂಡಂತೆಯೇ ಅಲ್ಲ.

ಶಾಲೆಯಲ್ಲಿ ಆಗ ಪರಿಸರದ ಪಾಠ ನಡೆದಿತ್ತು. ಬೋರ್ಡಿನ ನಡುವೆ ಗೆರೆ ಎಳೆದು, ಜೀವವಿರುವ ಘಟಕಗಳನ್ನು ಒಂದು ಕಡೆ, ಬೆಳಕು, ನೀರು, ಮಣ್ಣು, ಗಾಳಿಯನ್ನು ಇನ್ನೊಂದು ಕಡೆ ಬರೆಸಿದೆ.

"ಮಿಸ್, ನೀರು ಅಜೈವಿಕ, ಸರಿ. ಟ್ಯಾಂಕರ್ ಡ್ರೈವರ್ ಬರ್ಲಿಲ್ಲ ಅಂದ್ರೆ?" ಎಂದು ಹಿಂದಿನ ಬೆಂಚಿನವಳೊಬ್ಬಳು ಕೇಳಿದಳು. ಗೆರೆ ಅಷ್ಟೇನೂ ಗಟ್ಟಿಯಲ್ಲ ಎಂದು ಒಪ್ಪಿಕೊಂಡೆ.

ಟೆರೇಸಿನಲ್ಲಂತೂ ಆ ಗೆರೆ ಇರಲೇ ಇಲ್ಲ. ಅತಿಯಾಸೆ ಗತಿಗೇಡು ಅನ್ನುವಂತೆ ಇದ್ದ ಬೀಜವನ್ನೆಲ್ಲ ಒಂದೇ ಡಬ್ಬಿಗೆ ಸುರಿದಿದ್ದೆ. ಸಸಿಗಳು ಬೆಳಕಿಗೆ ಕಿತ್ತಾಡಿ ಕಡ್ಡಿಯಂತೆ ಉದ್ದವಾದವು. ಕೆಲವನ್ನು ಕೀಳಬೇಕೆಂದು ಪಾಠ ಹೇಳುವ ನನಗೇ ಕೈ ಬರಲಿಲ್ಲ. ಅರ್ಧ ತಾವೇ ಸತ್ತವು. ಅಷ್ಟರಲ್ಲಿ ಪಕ್ಕದ ಮನೆಯವರು ಇನ್ನೊಂದು ಮಹಡಿ ಎಬ್ಬಿಸಿದರು, ಬಿಸಿಲು ಹೋಯಿತು. ನೀರಿನ ಟ್ಯಾಂಕಿನ ಹಿಂದೆ ಒಂದು ತುಂಡು ಬಿಸಿಲು ಉಳಿದಿತ್ತು, ಡಬ್ಬಿಯನ್ನು ಅಲ್ಲಿಗೆ ಎಳೆದೆ. ಎಲೆಗೆ ಹಿಟ್ಟು ತಿಗಣೆ ಎಂಬ ಬಿಳಿ ಹುಳ ಹತ್ತಿತು, ಅದು ಒಸರುವ ಸಿಹಿಗೆ ಇರುವೆ ಬಂತು. ಬೇವಿನೆಣ್ಣೆ ಒರೆಸಿದೆ. ನಮ್ಮ ಎರೆಮಣ್ಣಿನಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಗಿಡ ಇಲ್ಲಿ ನನ್ನನ್ನು ಕುಣಿಸಿತು.

ಕೊನೆಗೆ ಉಳಿದವು ಚಿಗುರಿದವು. ಸಂಜೆ ಅವುಗಳ ಹತ್ತಿರ ಕೂತು ನಮ್ಮೂರ ಮಾತಿನಲ್ಲಿ ಶಾಲೆಯವರನ್ನೆಲ್ಲ ಬೈಯುತ್ತಿದ್ದೆ. ಇವು ಬದುಕಿದರೆ ಈ ಊರಲ್ಲಿ ಇರುತ್ತೇನೆ, ಇಲ್ಲವಾದರೆ ಕೆಲಸ ಬಿಟ್ಟು ಹೋಗುತ್ತೇನೆ ಎಂದು ಹಟ ಹಿಡಿದಿದ್ದೆ. ವಿಜ್ಞಾನದ ಟೀಚರಮ್ಮನ ವೈಜ್ಞಾನಿಕ ಮನೋಭಾವ ಅದು!

ಬೇಸಿಗೆ ರಜೆ ಬಂತು. ಕೆಳಗಿದ್ದ ಮನೆ ಯಜಮಾನಿಗೆ ಕೀಲಿ ಕೊಟ್ಟು ಹೇಳಿದೆ: "ಅಮ್ಮಾರ, ಊರಿಗಿ ಹೊಂಟೀನ್ರಿ. ಬರೋ ಭಾನುವಾರ ಬರ್ತೀನಿ. ಅಲ್ಲೀತನಕ ನನ್ನ ಪಲ್ಯ ಸ್ವಲ್ಪ ನೋಡ್ಕೋರಿ."

"ಆಯ್ತು ಟೀಚರಮ್ಮ, ಹೋಗ್ಬನ್ನಿ" ಎಂದರು. ಈಗ ಆ ಮನೆ ಇರುವ ಜಾಗದಲ್ಲೇ ಹಿಂದೆ ರಾಗಿ ಬೆಳೆಯುತ್ತಿದ್ದವರು ಅವರು. ಗಿಡದ ಚಿಂತೆ ಬಿಟ್ಟು ಹೋದೆ.

ತಿರುಗಿ ಬಂದವಳೇ ಟ್ಯಾಂಕಿನ ಹಿಂದೆ ಓಡಿದೆ. ಮಣ್ಣು ಬಿರಿದಿತ್ತು. ಗಿಡ ಮುಟ್ಟಿದರೆ ಎಲೆ ಪುಡಿಯಾಗುತ್ತಿತ್ತು. ಅಲ್ಲೇ ಕುಕ್ಕರಿಸಿ ಅತ್ತೆ, ನಾಚಿಕೆಯಿಲ್ಲದೆ.

ಅಷ್ಟರಲ್ಲಿ ಯಜಮಾನಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಇನ್ನೊಂದು ಕೈಯಲ್ಲಿ ಮುಚ್ಚಿದ ಪಾತ್ರೆಗಳು. "ಪಲ್ಯ ನೋಡ್ಕೊಳ್ಳಿ ಅಂದ್ರಿ, ರೂಮೆಲ್ಲಾ ಹುಡುಕ್ದೆ, ಎಲ್ಲೂ ಇರ್ಲಿಲ್ಲ. ಹಳಸ್ತು ಅಂತ ನೀವೇ ಚೆಲ್ಲಿ ಹೋಗಿರ್ಬೇಕು ಅನ್ಕೊಂಡೆ. ಇವತ್ತು ಹಸ್ಕೊಂಡ್ ಬರ್ತೀರಲ್ಲಾ, ಹುರುಳಿಕಾಯಿ ಪಲ್ಯ ಮಾಡಿದೀನಿ."

ಆಗ ಹೊಳೆಯಿತು. ನಮ್ಮ ಕಡೆ ಸೊಪ್ಪು ಹೊಲದಲ್ಲಿರುವಾಗಲೇ ಪಲ್ಯ. ಬೆಂಗಳೂರಿನಲ್ಲಿ ಒಗ್ಗರಣೆ ಬೀಳುವ ತನಕ ಅದು ಪಲ್ಯವಲ್ಲ. ಬಿಸಿಲು, ಮಣ್ಣು, ತಿಗಣೆ ಎಲ್ಲವನ್ನೂ ತಾಳಿಕೊಂಡಿದ್ದ ಗಿಡಗಳು ನನ್ನ ಒಂದು ಮಾತಿಗೆ ಸತ್ತಿದ್ದವು.

ಕಣ್ಣೊರೆಸಿಕೊಂಡು ಅವರ ಹಿಂದೆ ಕೋಣೆಗೆ ಹೋದೆ. ಅವರು ನನ್ನ ತಟ್ಟೆ ತೊಳೆದು ಅನ್ನ ಬಡಿಸಿ ಎದುರಿಗೇ ಕೂತರು. ಪಲ್ಯದಲ್ಲಿ ಬರೀ ಕಾಯಿತುರಿ, ಹೆಸರಿಗೂ ಖಾರವಿರಲಿಲ್ಲ. ತಲೆ ತಗ್ಗಿಸಿ ತಿನ್ನುತ್ತಿದ್ದೆ.

"ಇನ್ನೊಂಚೂರು ಹಾಕ್ಲಾ?" ಎಂದರು.

ಒಬ್ಬರೇ ಉಣ್ಣುವವರನ್ನು ಹಾಗೆ ಕೇಳುವವರು ಯಾರೂ ಇರುವುದಿಲ್ಲ. ಈ ಊರಿಗೆ ಬಂದ ಮೇಲೆ ಆ ಮಾತು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು.

"ಹಾಕ್ರಿ" ಎಂದೆ.