ಭತ್ತಕ್ಕೆ ಇಕ್ಕಿದ ಬೆಂಕಿ

ಸತ್ತೇಗಾಲದ ಬಳಿ ವಿಜ್ಞಾನಿ ಹೆಣ್ಣುಮಗಳೊಬ್ಬರ ಪ್ರಯೋಗದ ಗದ್ದೆಗೆ ನಾನು ಕಾವಲಿದ್ದೆ. ಅವರು ಯಳಂದೂರಿನ ಕಡೆಯವರೇ. ಮಳೆಗಾಳಿಗೆ ಪೈರು ನೆಲಕ್ಕೊರಗಿ ಮಲಗದ ಹಾಗೆ ಭತ್ತದ ಜೀನನ್ನೇ ತಿದ್ದಿ ಬೆಳೆಸಿದ್ದರು. ಆದರೂ ಪೈರು ಮಲಗಿತು. ಪರೀಕ್ಷೆಯ ಬೆಳೆ ಗದ್ದೆಯಿಂದ ಆಚೆ ಹೋಗಬಾರದೆಂಬುದು ನಿಯಮವಂತೆ. ಕೊಯ್ದು ಒಣಗಿಸಿ, ತೆನೆ ಸಮೇತ ಸುಡಲು ಹೇಳಿದರು.

“ಅನ್ನಕ್ಕೆ ಬೆಂಕಿ ಇಕ್ಕೋ ಕೈಯಲ್ಲ ಕಣವ್ವ ಇದು,” ಎಂದೆ.

“ಆ ಪಾಪ ನನಗಿರಲಿ, ಕೊಡಿ ಯಜಮಾನ್ರೇ,” ಎಂದು ಬೆಂಕಿಪೊಟ್ಟಣ ಇಸಕೊಂಡು ತಾವೇ ಹಚ್ಚಿದರು.

“ಏಳು ವರ್ಸದ ಕೆಲ್ಸ ಬೂದಿ ಆಯ್ತಲ್ಲವ್ವ. ಇನ್ನಾದ್ರೂ ಬುಟ್ಬುಡಿ.”

“ನಮ್ಮಪ್ಪ ವರ್ಸವರ್ಸವೂ ಮಲಗಿದ ಪೈರು ಎತ್ತಿ ಕಟ್ಟೋರು. ಅವರೇ ಬಿಡ್ಲಿಲ್ಲ, ನಾನೆಂಗೆ ಬಿಡ್ಲಿ?”

ಪಾಪದಿಂದ ಪಾರಾದೆನೆಂದು ಶಿವನಿಗೆ ಕೈಮುಗಿದು ನಾನು ಊಟಕ್ಕೆ ಕುಳಿತೆ. ಅವರು ನೀರನ್ನೂ ಮುಟ್ಟಲಿಲ್ಲ. ಅವರಿಗೆಂದು ತಂದಿದ್ದ ಮುದ್ದೆಯನ್ನೂ ನಾನೇ ತಿಂದೆ. ಕೆಡಿಸಿದರೆ ಅದೂ ಪಾಪವಲ್ಲವೇ.